ಹಣಮಪ್ಪನ ಹಾಜರಿ

ಮರೆಮ್ಮನ ಗಂಡ ಹಣಮಪ್ಪ ಸತ್ತು ಎಂಟು ತಿಂಗಳಾದರೂ ಚಾವಡಿಯಲ್ಲಿ ದಿನಾ ಅವನ ಹೆಸರು ಕೂಗುತ್ತಿದ್ದರು. ಅವರ ಕುಲದ ಗಂಡಸರೆಲ್ಲ ಹುಟ್ಟುಗಳ್ಳರೆಂದು ನಿಜಾಮ ಸರಕಾರ ಬರೆದಿಟ್ಟಿತ್ತು. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಹೋಗಿ ಹಾಜರಿ ಕೊಡಬೇಕು. ಸರಕಾರದ ಕಣ್ಣಿನಲ್ಲಿ ಸಾಯುವುದೂ ಸಲೀಸಲ್ಲ. ಹೆಸರು ಹೊಡೆದುಹಾಕಲು ತಾಲೂಕಿನಿಂದ ಪೊಲೀಸ್ ಅಮೀನ ಸಾಹೇಬನೇ ಬರಬೇಕು. ಅಲ್ಲಿಯವರೆಗೆ ಯಾರೂ ಓಗೊಡದಿದ್ದರೆ ಆಸಾಮಿ ಪರಾರಿ ಎಂದು ಮನೆಮಂದಿಗೆ ಒದೆ. ಹಾಗಾಗಿ ಮಗ ಅಯ್ಯಪ್ಪ ಎರಡು ಸಲ ಓಗೊಡುತ್ತಿದ್ದ, ಒಮ್ಮೆ ತನಗೆ, ಒಮ್ಮೆ ಅಪ್ಪನಿಗೆ.

ಅಪ್ಪನ ಪಾಳಿ ಬಂದಾಗ ಕೇಳಿಸುತ್ತಿದ್ದುದು ಸತ್ತವನದೇ ಗೊಗ್ಗರು ದನಿ. ಹೊರಗೆ ನಿಂತು ಕೇಳುತ್ತಿದ್ದ ಮರೆಮ್ಮ ಒಂದು ದಿನ ಮಗನನ್ನು ತಡೆದಳು.

"ಹಂಗ್ಯಾಕ ಅಂತೀಯೋ?"

"ನಾ ಎಲ್ಲಿ ಅಂದೆ ಯವ್ವ? ನಾ ಬಾಯಿ ತೆರಿಯೂದ್ರಾಗ ಅದು ಅಂದಿರ್ತದ."

ಹಣಮಪ್ಪ ಕಳ್ಳನಾಗಿಯೇ ಸತ್ತ, ನಿಜ. ಆದರೆ ಹುಟ್ಟುತ್ತಲೇ ಯಾರು ಕಳ್ಳರು? ಶಹಾಬಾದಿನ ಗಣಿಯಲ್ಲಿ ಫರಸಿ ಕಲ್ಲು ಎಬ್ಬಿಸಿ ಹೊಟ್ಟೆ ಹೊರೆಯುತ್ತಿದ್ದವನು. ಊರಲ್ಲಿ ಕೋಳಿ ಕಾಣದಾದರೂ ಇವನನ್ನೇ ಎಳೆದೊಯ್ಯುತ್ತಿದ್ದರು. ಮೂರನೆಯ ಸಲ ಕೆಲಸವೂ ಹೋಯಿತು. "ಕದ್ರೂ ಒದಿ, ಬಿಟ್ರೂ ಒದಿ. ಕದ್ರ ಹೊಟ್ಟಿಯರ ತುಂಬತದ" ಎಂದು ಅವತ್ತು ಮೊದಲ ಸಲ ಯಾರದೋ ಜೋಳದ ಚೀಲ ಹೊತ್ತು ತಂದ.

ಅಯ್ಯಪ್ಪನಿಗೆ ಗಂಡು ಹುಟ್ಟಿತು. ಹಾಜರಿ ದಫ್ತರದಲ್ಲಿ ಮಕ್ಕಳ ಹೆಸರಿರಲಿಲ್ಲ. ಈ ಕೂಸಿನ ಹೆಸರು ಆ ದಫ್ತರಕ್ಕೆ ಎಂದೂ ಹೋಗಬಾರದು, ಮೀಸೆ ಮೂಡುವ ಮೊದಲೇ ಸೊಲ್ಲಾಪುರದ ಗಿರಣಿಗೆ ಕಳಿಸಿಬಿಡಬೇಕು. ಮರೆಮ್ಮನಿಗೆ ಅದೊಂದೇ ಹಂಬಲ.

ತೊಟ್ಟಿಲಿಗೆ ಹಾಕುವ ದಿನ ಹೆಸರಿನ ಬಗ್ಗೆ ಮಾತ್ರ ಅವಳು ಯೋಚಿಸಲೇ ಇಲ್ಲ. ಸತ್ತ ಅಜ್ಜ ಮೊಮ್ಮಗನಾಗಿ ಬರುತ್ತಾನೆ. ಅವನ ಹೆಸರಿಡದಿದ್ದರೆ ಕೂಸು ಅತ್ತು ಅತ್ತು ಸೊರಗುತ್ತದೆ. ಕಿವಿಯಲ್ಲಿ ಹಣಮಪ್ಪ ಎಂದು ಉಸುರಿದರು. ಕೂಸು ತಟ್ಟನೆ ಅಳು ನಿಲ್ಲಿಸಿ, ಹೊರಗಿನಿಂದ ಯಾರೋ ಕರೆದಂತೆ ಬಾಗಿಲ ಕಡೆ ಹೊರಳಿತು. ಕುಲ ಬೇರೆಯಾದರೂ ಹಾಡಲು ಬಂದಿದ್ದ ನೆರೆಮನೆಯ ಭಾಗಮ್ಮ ಲಟಿಕೆ ಮುರಿದಳು.

ಮರುವಾರ ಅಮೀನ ಬಂದ. ದಫ್ತರ ಬಿಚ್ಚಿ ಸತ್ತವರ ಹೆಸರು ಹೊಡೆಯುತ್ತ ಹೋದ. ಪಾಟೀಲ ನಾಗೇಂದ್ರಪ್ಪ ಮರೆಮ್ಮನನ್ನು ಕೇಳಿದ:

"ಹಣಮಪ್ಪ ಅನ್ನಾಂವ ನಿಮ್ಮ ಮನ್ಯಾಗ ಈಗ ಯಾರೂ ಇಲ್ಲಲ್ಲ?"

ಮೊಮ್ಮಗನ ಹಿಗ್ಗಿನಲ್ಲಿ ಅವಳ ಬಾಯಿ ತಡೆಯಲಿಲ್ಲ. "ಅದಾನ್ರಿ ಧಣಿ! ತೊಟ್ಟಲ್ದಾಗ ಮಲಗ್ಯಾನ."

ಪಾಟೀಲ ಅದನ್ನು ಉರ್ದುವಿನಲ್ಲಿ ಹೇಳಿದ. ಅಮೀನ ಎತ್ತಿದ ಲೇಖನಿ ಕೆಳಗಿಟ್ಟು ಏನೋ ಗೊಣಗಿದ.

"ಹೆಸರೂ ಅದ, ಆಸಾಮಿನೂ ಅದಾನ. ಹೊಡಿಲಿಕ್ಕ ಬರಂಗಿಲ್ಲಂತ," ಎಂದ ಪಾಟೀಲ. "ನಾಳಿಂದ ಕೂಸಿನ ತಗೊಂಡ್ ಬಾ."

ಬಡವನ ಸಿಟ್ಟು ದವಡೆಗೆ ಮೂಲ. ಅಯ್ಯಪ್ಪ ಹಲ್ಲು ಕಚ್ಚಿ ನಿಂತ.

ಮರುದಿನ ಸಂಜೆ ಮರೆಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿ ಒಯ್ದಳು. ಹೆಸರು ಕೂಗಿದಾಗ ತಾನೇ "ಹಾಜರ್ರಿ" ಎಂದಳು. ಆ ನಾಲಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ಅವರು ತಿರುಗಿ ಬರುವಾಗ ಭಾಗಮ್ಮ ತನ್ನ ಅಂಗಳದಲ್ಲಿ ಹಿತ್ತಾಳೆ ಕೊಡ ಬೆಳಗಿ ಬೋರಲು ಹಾಕುತ್ತಿದ್ದಳು. ಚಾವಡಿ ಕಡೆಯಿಂದ ಬಂದವರನ್ನು ಕಂಡಳು. ಇನ್ನೂ ಕುತ್ತಿಗೆ ನಿಲ್ಲದ ಕೂಸಿನ ಮುಖ ನೋಡಿದಳು. ಕೊಡವನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.