ನೀಲಿ ದಾರದ ಟವೆಲು

"ಅದಲ್ಲ, ಅದು ಕಾಲು ಒರೆಸೋದು," ಎಂದು ತಾಯಿ ಮಗಳ ಕೈಯಿಂದ ಟವೆಲನ್ನು ಕಿತ್ತುಕೊಂಡಳು.

ನಡುಮನೆಯಲ್ಲಿ ಅವಳ ಗಂಡನನ್ನು, ಬೀಗದ ರಿಪೇರಿಯವನನ್ನು, ಮಲಗಿಸಿದ್ದರು. ಮುಖ ಒರೆಸಲು ಒಂದು ಬಟ್ಟೆ ತನ್ನಿ ಎಂದು ಯಾರೋ ಕೇಳಿದ್ದರು. ಮಗಳು ಕಪಾಟಿಗೆ ಓಡಿ ಕೈಗೆ ಸಿಕ್ಕಿದ್ದನ್ನು ಎಳೆದಿದ್ದಳು. ಗಂಡ ಸತ್ತು ಮಲಗಿರುವಾಗಲೂ ಇವಳಿಗೆ ಟವೆಲಿನ ಚಿಂತೆಯೇ ಎಂದು ಬಂದವರು ಮುಖ ಮುಖ ನೋಡಿಕೊಂಡರು. ಆ ಮನೆಯನ್ನು ಬಲ್ಲವರಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಅಲ್ಲಿ ಕಾಲಿನ ಬಟ್ಟೆ ಕಾಲಿಗೆ, ಕೈಯದು ಕೈಗೆ. ಅಡುಗೆಮನೆಯ ಬಟ್ಟೆ ಬಚ್ಚಲಿನ ಬಟ್ಟೆಯ ಜೊತೆ ಒಂದೇ ಬಕೆಟ್ಟಿನಲ್ಲಿ ಯಾವತ್ತೂ ಮುಳುಗಿದ್ದಿಲ್ಲ. ಒಬ್ಬೊಬ್ಬರಿಗೂ ಎರಡೆರಡು ಟವೆಲು, ಮೂಲೆಯಲ್ಲಿ ಗುರುತಿಗೆ ದಾರದ ಹೊಲಿಗೆ. ಗಂಡನಿಗೆ ನೀಲಿ, ಮಗಳಿಗೆ ಕೆಂಪು, ತನಗೆ ಹಸಿರು.

ಒಣಗಿದ ಮೇಲೆ ಮೂರು ಮಡಿಕೆ ಹಾಕಿ ಜೋಡಿಸಬೇಕು. ಮಗಳು ಒಮ್ಮೆ ಶಾಲೆಯ ಪ್ರವಾಸಕ್ಕೆ ಹೊರಟಾಗ, ಜಾಗ ಉಳಿಯುತ್ತದೆಂದು ಟವೆಲನ್ನು ಸುರುಳಿ ಸುತ್ತಿ ಚೀಲಕ್ಕೆ ತುರುಕಿದ್ದಳು. ತಾಯಿ ಅದನ್ನು ಹೊರಗೆ ತೆಗೆದು, ಬಿಡಿಸಿ, ಮಡಚಿ, ಮತ್ತೆ ಒಳಗಿಟ್ಟಿದ್ದಳು. ಬೈದಿರಲಿಲ್ಲ. ಆದರೆ ಆ ಮುಖ ನೋಡಿದ ಮೇಲೆ ಯಾಕೆ ಎಂದು ಕೇಳುವ ಧೈರ್ಯ ಮಗಳಿಗೆ ಬರಲಿಲ್ಲ.

ಈಗ ನೀಲಿ ದಾರದ ಟವೆಲು ಕಪಾಟಿನಲ್ಲಿ ಒಂದೇ ಇತ್ತು. ಅದನ್ನು ತೆಗೆಯುವಾಗ ಹಿಂದೆ ನಾದಿನಿ ನಿಂತಿದ್ದಳು. ಸತ್ತವನ ತಂಗಿ, ಅವಳ ಕಣ್ಣಿಗೆ ಬೀಳದ ಧೂಳಿಲ್ಲ.

"ಇನ್ನೊಂದೆಲ್ಲಿ ಅತ್ತಿಗೆ?"

"ನೆನೆಹಾಕಿದೀನಿ."

ಸುಳ್ಳು. ಇನ್ನೊಂದು ಎಲ್ಲಿದೆ ಎನ್ನುವುದೇ ಆರು ದಿನದಿಂದ ಅವಳನ್ನು ತಿನ್ನುತ್ತಿದ್ದ ಪ್ರಶ್ನೆ. ಅದು ಯಾವ ಮನೆಯಲ್ಲಿದೆಯೋ ಆ ಮನೆಯವಳು ಇವತ್ತು ಬಂದೇ ಬರುತ್ತಾಳೆ, ಮಗಳೆದುರು, ನಾದಿನಿಯೆದುರು, ಬೀದಿಯವರೆದುರು ಬಂದು ಅಳುತ್ತಾಳೆ ಎಂದು ಅವಳು ಬೆಳಗಿನಿಂದ ಹೆದರಿಕೊಂಡಿದ್ದಳು. ಬಾಗಿಲಿನಲ್ಲಿ ಹೊಸ ಹೆಂಗಸು ಯಾರೇ ಕಂಡರೂ ಮೊದಲು ಗಾಳಿಯನ್ನು ಮೂಸುತ್ತಿದ್ದಳು.

*

ಬಟ್ಟೆಬುಟ್ಟಿಯ ಮುಂದೆ ಕೂತರೆ ಮನೆಯವರ ಬಂಡವಾಳವೆಲ್ಲ ಬಯಲಾಗುತ್ತದೆ ಎಂದು ಅವಳೇ ಹೇಳುತ್ತಿದ್ದಳು. ಮಗಳು ಪರೀಕ್ಷೆಯ ದಿನ ಅತ್ತದ್ದು ಅಂಗಿಯ ತೋಳಿನ ತುದಿಯಲ್ಲಿ ಗೊತ್ತಾಗುತ್ತಿತ್ತು. ಗಂಡ ಬಿಟ್ಟೆನೆಂದ ಬೀಡಿ ಜೇಬಿನ ಮೂಲೆಯಲ್ಲಿ ಸಿಗುತ್ತಿತ್ತು.

ಭಾನುವಾರ ಅವನ ಅಂಗಡಿಗೆ ರಜೆ. ಆದರೂ ಬೆಳಿಗ್ಗೆ ಬಟ್ಟೆಯ ಚೀಲವೊಂದನ್ನು ಹೆಗಲಿಗೇರಿಸಿ ಹೊರಡುತ್ತಿದ್ದ. ಯಾವುದೋ ಮನೆಯ ಬೀಗ ಕೆಟ್ಟಿದೆ ಎನ್ನುತ್ತಿದ್ದ. ಮಧ್ಯಾಹ್ನ ಹಿಂಬಾಗಿಲಿನಿಂದ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಿಂದ, ಕಳ್ಳನ ಹಾಗೆ ಒಳಗೆ ಬರುತ್ತಿದ್ದ. ಉಳಿದ ದಿನ ಮುಂಬಾಗಿಲಿನಿಂದಲೇ ಕೆಮ್ಮುತ್ತ ಬರುವ ಮನುಷ್ಯ. ಚೀಲವನ್ನು ಹಿಂಬಾಗಿಲ ಮೊಳೆಗೆ ಸಿಕ್ಕಿಸಿ ಟವೆಲನ್ನು ಬುಟ್ಟಿಗೆ ಹಾಕುತ್ತಿದ್ದ. ಅದು ಒದ್ದೆಯಾಗಿರುತ್ತಿತ್ತು. ಅದಕ್ಕೆ ಮಲ್ಲಿಗೆಯ ವಾಸನೆಯ ಸೋಪು ಹತ್ತಿರುತ್ತಿತ್ತು. ಇವರ ಮನೆಯಲ್ಲಿ ಆ ಸೋಪು ತಂದವರೇ ಇಲ್ಲ.

ಬೀಗ ಸರಿಮಾಡಲು ಹೋದವನು ಅಲ್ಲಿ ಸ್ನಾನ ಯಾಕೆ ಮಾಡಿದ? ಕೇಳಬೇಕೆಂದು ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ. ಒಂದು ಸಲ ಟವೆಲಿಗೆ ಉದ್ದನೆಯ ಕೂದಲು ಅಂಟಿಕೊಂಡಿತ್ತು, ಅರ್ಧ ಕಪ್ಪು ಅರ್ಧ ಬಿಳಿ. ವಯಸ್ಸಾದವಳು ಎಂದುಕೊಂಡಾಗ ಅವಳಿಗೆ ಇನ್ನೂ ಹೆಚ್ಚು ಉರಿಯಿತು. ಅವತ್ತಿನಿಂದ ಅವನ ಟವೆಲಿಗೆ ಬೇರೆ ಬಕೆಟ್ಟು, ಹಿಡಿ ಮುರಿದದ್ದು. ಅವನು ಆ ಬಕೆಟ್ಟನ್ನು ನೋಡಿದ. ಮಾರನೆಯ ದಿನ ಅದಕ್ಕೊಂದು ತಂತಿಯ ಹಿಡಿ ಹಾಕಿಕೊಟ್ಟ, ಅಷ್ಟೆ. ಊರ ಬೀಗವನ್ನೆಲ್ಲ ತೆಗೆಯುವವನ ಬಾಯಿಗೇ ಕೀಲಿಕೈ ಇಲ್ಲ ಎಂದು ಅಕ್ಕಪಕ್ಕದ ಅಂಗಡಿಯವರು ತಮಾಷೆ ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ.

ಹೋದ ಭಾನುವಾರ ಟವೆಲು ವಾಪಸು ಬರಲಿಲ್ಲ. ಕೇಳಿದ್ದಕ್ಕೆ ಅಂಗಡಿಯಲ್ಲಿ ಉಳಿಯಿತು ಎಂದ. ಮಾರನೆಯ ದಿನ ಊಟ ಕೊಡುವ ನೆಪದಲ್ಲಿ ಹೋಗಿ, ಅವನು ಕೈ ತೊಳೆಯುವಷ್ಟರಲ್ಲಿ ಅಂಗಡಿಯನ್ನೆಲ್ಲ ಜಾಲಾಡಿದಳು. ಕೀಲಿ ಉಜ್ಜುವ ಅರ, ಗ್ರೀಸು, ಕೀಲಿಕೈಗಳ ಗೊಂಚಲು. ಟವೆಲಿರಲಿಲ್ಲ.

"ಸುಳ್ಳು ಹೇಳೋಕೂ ಒಂದು ವಯಸ್ಸು ಅಂತ ಇರುತ್ತೆ," ಎಂದಳು.

ಅವನು ಏನೋ ಹೇಳಲು ಹೊರಟು, ತಟ್ಟೆ ನೋಡಿಕೊಂಡು ಉಣ್ಣತೊಡಗಿದ. ಅಲ್ಲಿಂದ ಅವಳು ಮಾತು ಬಿಟ್ಟಳು. ಇವತ್ತು ಶನಿವಾರ ಬೆಳಿಗ್ಗೆ ಅಂಗಡಿಯ ಸ್ಟೂಲಿನ ಮೇಲೆ, ಕೈಯಲ್ಲಿ ಅರ ಹಿಡಿದುಕೊಂಡೇ ಅವನು ಪಕ್ಕಕ್ಕೆ ವಾಲಿದ.

*

ಅವಳು ಅವನ ಮುಖವನ್ನು, ಕಿವಿಯ ಹಿಂದೆ, ಕತ್ತಿನ ಮಡಿಕೆಗಳಲ್ಲಿ ಒರೆಸಿದಳು. ಬೆರಳಿನ ಸಂದಿಯ ಗ್ರೀಸು ಹೋಗಲಿಲ್ಲ. ಅಳು ಬರಲಿಲ್ಲ. ಸಿಟ್ಟು ಅಡ್ಡ ಕೂತಿದ್ದರೆ ಅಳು ಎಲ್ಲಿಂದ ಬಂದೀತು.

ಮಹಡಿ ಮನೆಯ ಅಜ್ಜಿ ಪಕ್ಕಕ್ಕೆ ಬಂದು ಕೂತು, ತವರಿನವರಿಗೆ ತಿಳಿಸಿದಿರಾ ಎಂದು ಮೆಲ್ಲಗೆ ಕೇಳಿದಳು.

"ನನಗೆ ತವರಿಲ್ಲ."

ತವರಿತ್ತು. ಇದೇ ಊರಿನ ಇನ್ನೊಂದು ತುದಿಯಲ್ಲಿ ಅವಳ ಅಪ್ಪನ ಕ್ಷೌರದ ಅಂಗಡಿಯಿತ್ತು. ಅಮ್ಮ ಸತ್ತು ವರ್ಷ ತುಂಬುವ ಮೊದಲೇ ಅಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡ. ಅಮ್ಮ ಒಗೆದಿಟ್ಟ ಟವೆಲುಗಳಲ್ಲಿ ಇನ್ನೊಬ್ಬಳು ಮುಖ ಒರೆಸಿಕೊಳ್ಳುತ್ತಾಳೆ ಎನ್ನುವುದನ್ನು ಇವಳಿಗೆ ತಾಳಲಾಗಲಿಲ್ಲ. ಅವತ್ತು ಮನೆಗೆ ಬಂದವಳೇ ಗಂಡನೆದುರು ಮುಂಬಾಗಿಲಿನ ಕಡೆ ಬೆರಳು ಮಾಡಿ, ಆ ಮನೆಗೆ ಹೋದ ಕಾಲು ಈ ಬಾಗಿಲು ದಾಟಬಾರದು ಎಂದು ಆಣೆ ಹಾಕಿದ್ದಳು. ಅವನು ಬಾಗಿಲನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿ ತಲೆಯಾಡಿಸಿದ್ದ. ಆಮೇಲೆ ಅಪ್ಪನ ಸುದ್ದಿ ತಂದವರನ್ನೂ ಅವಳು ಅರ್ಧದಲ್ಲೇ ತಡೆಯುತ್ತಿದ್ದಳು. ಆ ಎರಡನೆಯವಳ ಮುಖವನ್ನು ಕೂಡ ನೋಡಿರಲಿಲ್ಲ.

ನಾದಿನಿ ಬಂದು ಕಿವಿಯಲ್ಲಿ ಉಸುರಿದಳು.

"ಹಿಂದುಗಡೆ ಯಾರೋ ಹೆಂಗಸು ಬಂದು ನಿಂತಿದಾಳೆ. ಒಳಗೆ ಬಾ ಅಂದ್ರೂ ಬರ್ತಿಲ್ಲ. ಅತ್ತು ಅತ್ತು ಕಣ್ಣು ಊದಿಸ್ಕೊಂಡಿದಾಳೆ. ಮುಂಬಾಗಿಲಿಂದ ಬರೋಕೆ ಮುಖ ಇರಬೇಕಲ್ಲ."

ಮಗಳು ತಲೆಯೆತ್ತಿ ನೋಡಿದಳು. ತಾಯಿ ಎದ್ದಳು. ಅಡುಗೆಮನೆ ದಾಟಿ ಹಿಂಬಾಗಿಲಿಗೆ ಹೋದಳು. ಜುಟ್ಟು ಹಿಡಿದು ಬೀದಿಗೆ ಎಳೆಯಬೇಕೋ, ಕದ ಹಾಕಿಕೊಳ್ಳಬೇಕೋ ಅವಳಿಗೇ ಗೊತ್ತಿರಲಿಲ್ಲ.

ಒಗೆಯುವ ಕಲ್ಲಿನ ಪಕ್ಕ, ತಂತಿ ಹಿಡಿಯ ಬಕೆಟ್ಟಿನ ಹತ್ತಿರ ಅವಳು ನಿಂತಿದ್ದಳು. ಬಣ್ಣ ಹೋದ ಸೀರೆ, ಅರ್ಧ ಕಪ್ಪು ಅರ್ಧ ಬಿಳಿ ಕೂದಲು. ಮಲ್ಲಿಗೆ ಸೋಪಿನ ವಾಸನೆ ಬಾಗಿಲಿನವರೆಗೂ ಬಂತು. ಹೌದು, ಇವಳೇ. ಎದೆಗವಚಿಕೊಂಡಿದ್ದ ಚೀಲದಿಂದ ಏನನ್ನೋ ತೆಗೆದು, ಬೈಗುಳಕ್ಕೆ ತಯಾರಾದವಳ ಹಾಗೆ ತಲೆ ತಗ್ಗಿಸಿ ಚಾಚಿದಳು.

"ಹೋದ ವಾರ ಮರೆತು ಬಿಟ್ಟು ಹೋಗಿದ್ರು."

ಟವೆಲು. ಮೂಲೆಯಲ್ಲಿ ನೀಲಿ ದಾರ, ತನ್ನದೇ ಹೊಲಿಗೆ. ಆದರೆ ಅದನ್ನು ಮಡಚಿರಲಿಲ್ಲ. ಸುರುಳಿ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದ್ದರು.

ಹಾಗೆ ತುದಿ ಸಿಕ್ಕಿಸಿ ಸುತ್ತುವವನು ಈ ಊರಿನಲ್ಲಿ ಒಬ್ಬನೇ. ಚಿಕ್ಕವಳಿದ್ದಾಗ ಕ್ಷೌರದ ಅಂಗಡಿಯ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತು ಅವಳೂ ಸುತ್ತುತ್ತಿದ್ದಳು. ಸಡಿಲವಾದರೆ ಅಪ್ಪ ಬಿಡಿಸಿ ಮತ್ತೆ ಸುತ್ತಿಸುತ್ತಿದ್ದ. ಈ ಸುರುಳಿ ಸಡಿಲವಾಗಿತ್ತು. ಇಷ್ಟು ವರ್ಷ ಟವೆಲಿನ ವಾಸನೆ ಹಿಡಿದಳು, ಕೂದಲು ಹಿಡಿದಳು. ಅದು ಹೋಗಿ ಬಂದ ಮನೆ ಮಾತ್ರ ಅವಳಿಗೆ ಹೊಳೆದಿರಲಿಲ್ಲ.

"ಇದನ್ನ ಸುತ್ತಿದ್ದು?"

"ನಿಮ್ಮಪ್ಪನೇ. ಎಡಗೈಲಿ. ಬಲಗಡೆ ಪೂರ್ತಿ ಬಿದ್ದುಹೋಗಿದೆಯಲ್ಲ, ವರ್ಷಗಳೇ ಆಯ್ತು. ನನ್ನ ಕೈಲಿ ಎತ್ತೋಕಾಗಲ್ಲ. ಭಾನುವಾರ ಭಾನುವಾರ ಅಳಿಯಂದ್ರೇ ಬಂದು ಸ್ನಾನ ಮಾಡಿಸೋರು. ನಮ್ಮನೇಲಿರೋ ಟವೆಲ್ ಬೇಡ ಅನ್ನೋರು. ಅವರ ಮಗಳು ಒಗೆದಿದ್ದು, ಇದರಲ್ಲೇ ಒರೆಸ್ತೀನಿ ಅನ್ನೋರು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೇರೆ ಬಕೆಟ್ಟು ನೆನಪಾಯಿತು. ತಟ್ಟೆ ನೋಡಿಕೊಂಡು ಉಂಡವನ ಬಗ್ಗಿದ ತಲೆ ನೆನಪಾಯಿತು.

"ಇಲ್ಲಿ ಯಾಕೆ ನಿಂತ್ರಿ? ಮುಂದಿನಿಂದ ಬರಬಾರದಿತ್ತಾ?"

ಹೆಂಗಸು ಮೊದಲ ಸಲ ತಲೆಯೆತ್ತಿದಳು. "ಆ ಬಾಗಿಲಿಗೆ ಆಣೆ ಇದೆ, ಈ ಬಾಗಿಲಿಗೆ ಇಲ್ಲ ಅಂತ ಅಳಿಯಂದ್ರು ಹೇಳಿದ್ರು. ಅವರೂ ಹಾಗೇ ಬರ್ತಾ ಇದ್ರಂತಲ್ಲ."

ಆಗ ಅವಳಿಗೆ ಅಳು ಬಂತು. ಗಂಡ ಸತ್ತಾಗ ಬರದದ್ದು, ಮುಖ ಒರೆಸುವಾಗ ಬರದದ್ದು, ಒಟ್ಟಿಗೇ ಬಂತು. ಒಗೆಯುವ ಕಲ್ಲಿನ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಇನ್ನೊಮ್ಮೆ ಸುಳ್ಳು ಹೇಳಲಿ, ಅಂಗಡಿಯಲ್ಲಿ ಉಳಿಯಿತು ಎನ್ನಲಿ, ಸರಿ ಬಿಡಿ ಎಂದು ಊಟ ಬಡಿಸುತ್ತೇನೆ ಎನಿಸಿತು.

ನಾದಿನಿ ಅಡುಗೆಮನೆಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ಯಾರು ಅತ್ತಿಗೆ ಇವರು ಎಂದಳು.

"ನನ್ನ ಚಿಕ್ಕಮ್ಮ."

ಹೇಳಿ, ಆ ಹೆಂಗಸಿನ ಕೈ ಹಿಡಿದು, ಮನೆಯ ಪಕ್ಕದ ಓಣಿಯಿಂದ ಸುತ್ತಿಸಿ, ಬೀದಿಯಲ್ಲಿ ನಿಂತ ಗಂಡಸರ ನಡುವೆ ದಾರಿ ಮಾಡಿಕೊಂಡು ಮುಂಬಾಗಿಲಿನಿಂದ ಒಳಗೆ ಕರೆದುಕೊಂಡು ಬಂದಳು. ಜನ ಪಿಸುಗುಟ್ಟಿದರು. ಪಿಸುಗುಟ್ಟಲಿ ಎಂದುಕೊಂಡಳು. ಹೆಂಗಸು ಅವನ ಕಾಲ ಬಳಿ ಕೂತು, ಯಾರಿಗೆಂದಿಲ್ಲದ ಹಾಗೆ ಒಂದು ಮಾತು ಹೇಳಿದಳು: ಮುದುಕರಿಗೆ ಇನ್ನೂ ತಿಳಿಸಿಲ್ಲ, ನಾಳೆ ಭಾನುವಾರವಲ್ಲ, ಬೆಳಿಗ್ಗೆಯೇ ನೀರು ಕಾಯಿಸು ಎಂದಿದ್ದಾರೆ.

*

ಸಂಜೆ ಎಲ್ಲ ಮುಗಿದು ಜನ ಚದುರಿದ ಮೇಲೆ ಮಗಳು ನೀರು ಕುಡಿಯಲು ಒಳಗೆ ಬಂದಳು. ತಾಯಿ ಹಿತ್ತಲಿನಲ್ಲಿ ಕೂತು ಒಗೆಯುತ್ತಿದ್ದಳು. ಕೆಂಪು ದಾರ, ಹಸಿರು ದಾರ, ನೀಲಿ ದಾರ ಎಲ್ಲವೂ ತಂತಿ ಹಿಡಿಯ ಬಕೆಟ್ಟಿನಲ್ಲಿ ಒಟ್ಟಿಗೇ ನೆನೆದಿದ್ದವು. ಮಗಳು ಅದನ್ನು ನೋಡಿದಳು. ಪಕ್ಕದಲ್ಲಿ ಹಿಂಡಲು ಕೂತಳು.

ಗಾಳಿಯಿತ್ತು, ರಾತ್ರಿ ಮಲಗುವಷ್ಟರಲ್ಲಿ ಒಣಗಿದವು. ತಾಯಿ ನೀಲಿ ದಾರದ್ದೊಂದನ್ನು ತೆಗೆದು ತೊಡೆಯ ಮೇಲೆ ಹರಡಿದಳು. ಮಡಚಲಿಲ್ಲ. ಅಂಚಿನಿಂದ ಬಿಗಿಯಾಗಿ ಸುತ್ತುತ್ತ ಬಂದು ತುದಿಯನ್ನು ಒಳಗೆ ಸಿಕ್ಕಿಸಿದಳು. ಸಡಿಲವಾಯಿತೆಂದು ಬಿಡಿಸಿ ಮತ್ತೆ ಸುತ್ತಿದಳು. ಹಿಂಬಾಗಿಲ ಮೊಳೆಯಿಂದ ಅವನ ಚೀಲವನ್ನು ಇಳಿಸಿ, ಸುರುಳಿಯನ್ನು ಅದರೊಳಗಿಟ್ಟು, ನಡುಮನೆ ದಾಟಿ ಹೋಗಿ ಮುಂಬಾಗಿಲ ಚಿಲಕಕ್ಕೆ ತೂಗುಹಾಕಿದಳು.