ಸರೋವರದ ಮೇಲಿನ ಚುಕ್ಕೆ

ಅವನಿಗೆ ಅಗಲಯ್ಯ ಎಂದು ಹೆಸರಿಟ್ಟವನು ಭಾವ, ಅಂದರೆ ಅಕ್ಕನ ಗಂಡ. ಇಟ್ಟದ್ದು ಸರಿಯಾಗಿಯೇ ಇತ್ತು. ಲೋಕದಲ್ಲಿ ನೂರು ಬಗೆಯ ಲೆನ್ಸ್‌ಗಳಿರುವಾಗ ಈ ಮನುಷ್ಯ ಒಂದೇ ಒಂದು ಅತಿ ಅಗಲದ ಲೆನ್ಸ್‌ಗೆ ಗಂಟುಬಿದ್ದಿದ್ದ. ಅದೂ ಕಪ್ಪು-ಬಿಳುಪು ಫಿಲ್ಮ್, ಅದೂ ಕೊರೆಯುವ ಚಳಿಗಾಲದಲ್ಲಿ, ಅದೂ ನರಪಿಳ್ಳೆಯೂ ಸುಳಿಯದ ಜಾಗ. ಆ ಲೆನ್ಸ್ ಎದುರಿಗಿದ್ದದ್ದನ್ನೆಲ್ಲ ಬಾಚಿ ಒಳಗೆ ಹಾಕಿಕೊಳ್ಳುತ್ತದೆ. ಕಾಲಬುಡದ ಕಲ್ಲನ್ನು ಬೆಟ್ಟ ಮಾಡುತ್ತದೆ, ಬೆಟ್ಟವನ್ನು ಕಲ್ಲು ಮಾಡುತ್ತದೆ. ಜೊತೆಗೆ ಬಂದವರು ಪಕ್ಕದಲ್ಲಿ ನಿಂತರೂ ಚಿತ್ರದಲ್ಲಿ ಸಿಕ್ಕಿಬೀಳುತ್ತಾರೆ. "ಅಡ್ಡ ಬರಬೇಡಿ ಭಾವ, ನನ್ನ ಬೆನ್ನ ಹಿಂದೆ ನಿಂತ್ಕೊಳ್ಳಿ" ಎಂದು ಇವನು ಗೊಣಗುವುದು, "ಇನ್ನೂ ಹಿಂದಕ್ಕೆ ಹೋದ್ರೆ ಮನೆಗೇ ಹೋಗ್ತೀನಪ್ಪ" ಎಂದು ಬ್ಯಾಗು ಹೊತ್ತ ಭಾವ ನಗುವುದು, ಪ್ರತಿ ಚಳಿಗಾಲವೂ ಇದ್ದದ್ದೇ.

ಆ ಭಾವ ಮನೆಬಿಟ್ಟು ಎರಡು ತಿಂಗಳಾಗಿತ್ತು. ಅಡುಗೆಮನೆಯ ಕಿಟಕಿ ಸಂದಿಯಿಂದ ಗಾಳಿ ನುಗ್ಗುತ್ತಿದೆ, ಹೇಳಿ ಹೇಳಿ ಸಾಕಾಯಿತು ಎಂದು ಅಕ್ಕ ಶುರುಮಾಡಿದ ಜಗಳ ಮಾತಿಗೆ ಮಾತು ಬೆಳೆದು, "ಇಲ್ಲಿದ್ದು ಏನು ಉಪಯೋಗ, ಹೋಗಿ" ಎಂಬಲ್ಲಿಗೆ ಮುಟ್ಟಿತ್ತು. ಅವನು ಕೋಟು ಹಾಕಿಕೊಂಡು ಹೋದ. ಹೋದವನು ಹಿಂದಿರುಗಲಿಲ್ಲ. ಪೊಲೀಸರು ಬಸ್ ನಿಲ್ದಾಣದಲ್ಲಿ ವಿಚಾರಿಸಿ ಕೈತೊಳೆದುಕೊಂಡರು. ಬೀದಿಯವರು ಯಾವಳೋ ಒಬ್ಬಳನ್ನು ತಾವೇ ಹುಟ್ಟಿಸಿ ಅವನ ಪಕ್ಕದಲ್ಲಿ ಕೂರಿಸಿದರು. ಅಕ್ಕ ಮೊದಲು ಕಾದಳು, ಆಮೇಲೆ ಅತ್ತಳು, ಕೊನೆಗೆ ಅವನ ಬಟ್ಟೆಗಳನ್ನು ಗಂಟುಕಟ್ಟಿ ಮಂಚದ ಕೆಳಕ್ಕೆ ತಳ್ಳಿ ಹೊಲಿಗೆ ಮೆಷಿನ್ ಮುಂದೆ ಕುಳಿತಳು. ಅಂದಿನಿಂದ ಆ ಮನೆಯಲ್ಲಿ ಭಾವನ ಹೆಸರು ಎತ್ತುವಂತಿರಲಿಲ್ಲ.

ಭಾವ ಹೋದ ಆ ದಿನ ಅಗಲಯ್ಯ ಬೆಳಿಗ್ಗೆ ಬೇಗನೆ ಹೊರಟು ಊರಾಚೆಯ ಹೆಪ್ಪುಗಟ್ಟಿದ ಸರೋವರಕ್ಕೆ ಹೋಗಿದ್ದ. ಕೈಗವಸು ಅಕ್ಕನ ಮೇಜಿನ ಮೇಲೆಯೇ ಮರೆತು ಬಂದಿದ್ದರಿಂದ ಬೆರಳುಗಳು ಮರಗಟ್ಟಿಹೋಗಿದ್ದವು. ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಆಚೆ ದಡದ ಹಿಮದಲ್ಲಿ ಊರ ಕಡೆಗೆ ಮುಖಮಾಡಿ ಮಕಾಡೆ ಮಲಗಿ, ಮೂಗಿನ ಮುಂದಿನ ಒಂದು ಬಿರುಕನ್ನು ನೋಡುತ್ತ ಎರಡು ಚಿತ್ರ ತೆಗೆದಿದ್ದ. ಎರಡರ ನಡುವೆ ಹೆಚ್ಚೆಂದರೆ ಐದು ನಿಮಿಷ, ಫಿಲ್ಮ್ ಸುತ್ತಲು ಬೆರಳು ಬಗ್ಗಲಿಲ್ಲವೆಂದು ಆದ ತಡ. ಆ ರಾತ್ರಿ ಹಿಮ ಒಂದೇ ಸಮನೆ ಸುರಿಯಿತು. ಯಾರಾದರೂ ಕಂಡರೇ ಎಂದು ಪೊಲೀಸರು ಕೇಳಿದಾಗ, ಅಲ್ಲಿ ಒಂದು ಕಾಗೆಯೂ ಇರಲಿಲ್ಲ ಎಂದಿದ್ದ. ಸುಳ್ಳು ಹೇಳಿರಲಿಲ್ಲ, ಪಾಪ.

ಮೊದಲ ಚಿತ್ರ ಚೆನ್ನಾಗಿ ಬಂದಿತ್ತು. ಪ್ರಿಂಟಿನಲ್ಲಿ, ಬಲಗಡೆ ದೂರದಲ್ಲಿ, ಒಂದು ಕಪ್ಪು ಚುಕ್ಕೆ ಮಾತ್ರ ಇತ್ತು. ನೆಗೆಟಿವ್‌ನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಪ್ರಿಂಟಿನಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಈ ಕಸುಬಿನವರಿಗೆಲ್ಲ ಅದು ಗೊತ್ತು. ಎರಡನೆಯ ಚಿತ್ರದಲ್ಲಿ ಚುಕ್ಕೆ ಇಲ್ಲದ್ದರಿಂದ ಅವನಿಗೆ ಅನುಮಾನವೇ ಉಳಿಯಲಿಲ್ಲ. ಬ್ಲೇಡಿನ ತುದಿಯಿಂದ ಉಸಿರು ಬಿಗಿಹಿಡಿದು ಪ್ರಿಂಟಿನ ಮೇಲಿನ ಆ ಚುಕ್ಕೆಯನ್ನು ಕೆರೆದು ತೆಗೆದ. ಗ್ರಂಥಾಲಯದ ಗೋಡೆಗೆ ತೂಗುಹಾಕಿದಾಗ ಎಲ್ಲರೂ ಬೆನ್ನು ತಟ್ಟಿದರು. ಎಂಥ ಖಾಲಿತನ ಎಂದರು.

ಗೋಡೆಯಗಲದ ಪ್ರಿಂಟು ಬೇಕೆಂದು ಗ್ರಂಥಾಲಯದವರು ಕೇಳಿದ್ದೇ ನೆಪವಾಯಿತು. ಬಚ್ಚಲಮನೆಯ ಕತ್ತಲಲ್ಲಿ ನೆಗೆಟಿವ್ ಅನ್ನು ಹಿಗ್ಗಿಸಿ ನೋಡಿದರೆ ತೂತಿಗೆ ಎರಡು ಕಾಲಿದ್ದವು. ಒಂದು ಕೈ ಮೇಲೆತ್ತಿತ್ತು. ಆ ಗಿಡ್ಡ ಕೋಟು, ಆ ವಾಲುನಡಿಗೆ ಯಾರದೆಂದು ಬೇರೆಯವರು ಹೇಳಬೇಕಾಗಿರಲಿಲ್ಲ. ಐದು ನಿಮಿಷದ ಆಮೇಲಿನ ಚಿತ್ರದಲ್ಲಿ ಮಂಜುಗಡ್ಡೆಯ ಮೇಲೆ ಅವನು ಎಲ್ಲೂ ಇರಲಿಲ್ಲ. ಕೆರೆದು ತೆಗೆದದ್ದು ಯಾರನ್ನೆಂದು ಹೊಳೆದಾಗ ಬಚ್ಚಲ ಅಂಚಿನ ಮೇಲೆ ಕುಳಿತ.

ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ. ಹೇಳಿದರೆ, ಗಂಡ ಬಿಟ್ಟು ಓಡಿಹೋಗಲಿಲ್ಲವೆಂದು ಅಕ್ಕನಿಗೆ ತಿಳಿಯುತ್ತದೆ, ಗಂಡ ಇಲ್ಲವೆಂದೂ ಅದೇ ಉಸಿರಿನಲ್ಲಿ ತಿಳಿಯುತ್ತದೆ. ಹೇಳದಿದ್ದರೆ ಹಿಮ ಕರಗಿದ ಮೇಲೆ ಸರೋವರವೇ ಹೇಳುತ್ತದೆ. ನಾಲ್ಕನೆಯ ಮಧ್ಯಾಹ್ನ ಹೊಸ ಪ್ರಿಂಟನ್ನೂ ಭೂತಗನ್ನಡಿಯನ್ನೂ ತಂದು ಮೆಷಿನ್ ಮೇಲಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅಕ್ಕ ಬಹಳ ಹೊತ್ತು ಭೂತಗನ್ನಡಿಯಿಂದ ಕಣ್ಣು ಕೀಳಲಿಲ್ಲ. "ಎಷ್ಟು ದೂರ ಇದಾರೆ" ಅಂದಳು. "ನಿನಗೆ ಹೇಗೆ ಕಾಣ್ಬೇಕು. ಕೂಗಿದ್ರೂ ಕೇಳ್ತಿರಲಿಲ್ಲ ಬಿಡು."

ಅಲ್ಲಿಗೆ ಸುಮ್ಮನಾಗಿಬಿಡಬಹುದಿತ್ತು. ಅವಳೇ ಕೊಟ್ಟ ಮಾಫಿ.

"ಅಷ್ಟು ದೂರ ಇರಲಿಲ್ಲಕ್ಕ. ಈ ಲೆನ್ಸು ಎಲ್ಲವನ್ನೂ ದೂರ ತಳ್ಳುತ್ತೆ. ಇಲ್ಲಿಂದ ಆ ಬೀದಿ ದೀಪದಷ್ಟೇ ದೂರ."

ಅಕ್ಕ ಕಿಟಕಿಯಾಚೆಗೆ ನೋಡಿದಳು. ದೀಪದ ಕಂಬದ ಕೆಳಗೆ ಹೆಂಗಸೊಬ್ಬಳು ನಿಂತಿದ್ದಳು. ಅವಳ ಕೋಟಿನ ಗುಂಡಿಗಳನ್ನು ಎಣಿಸಬಹುದಿತ್ತು.

"ಅವತ್ತು ನಿನ್ನ ಕೈಗವಸು ಮೇಜಿನ ಮೇಲಿತ್ತು" ಅಂದಳು ನಿಧಾನಕ್ಕೆ. "ಇವರು ಹೋದ್ಮೇಲೆ ಇರಲಿಲ್ಲ. ಅದನ್ನೂ ಬಿಡದೆ ಹೊತ್ಕೊಂಡು ಹೋದ್ರು ಅಂತ ಬಾಯಿಗೆ ಬಂದ ಹಾಗೆ ಬೈದೆ."

ಅವಳು ಮತ್ತೆ ಚಿತ್ರಕ್ಕೆ ಬಗ್ಗಿದಳು. ಮಂಜುಗಡ್ಡೆ ಗಟ್ಟಿಯಾಗಿರುವ ಕಡೆ ಮೀನುಗಾರರು ದಾರಿಗುರುತಿಗೆ ಕೋಲು ನೆಟ್ಟಿದ್ದರು. ಆ ಕೋಲುಗಳ ಸಾಲು ಚಿತ್ರದ ನಟ್ಟನಡುವೆ ಸ್ಪಷ್ಟವಾಗಿ ಕಾಣುತ್ತಿತ್ತು. ಚುಕ್ಕೆ ಅದರಿಂದ ಬಹಳ ಬಲಕ್ಕಿತ್ತು.

"ದಾರಿ ಇಲ್ಲಿದೆಯಲ್ಲೋ. ಅವರಿಗೆ ಗೊತ್ತಿರೋ ದಾರಿ. ಅದನ್ನ ಬಿಟ್ಟು ಆ ಕಡೆ ಯಾಕೆ ಹೋದ್ರು?"

ಮೂರು ದಿನದಿಂದ ಅವನು ಹೇಳಲಾರದೆ ಇಟ್ಟುಕೊಂಡಿದ್ದದ್ದು ಇದೇ. ಕ್ಯಾಮೆರಾ ತನ್ನತ್ತ ತಿರುಗಿರುವುದನ್ನು ಭಾವ ಕಂಡಿದ್ದ. ಕಂಡು, ಒಂದು ಸಲ ಕೈಯೆತ್ತಿ, ಪಕ್ಕಕ್ಕೆ ಸರಿದಿದ್ದ. ಎಷ್ಟು ಸರಿದರೂ ಆ ಲೆನ್ಸಿನಿಂದ ಆಚೆ ಹೋಗಲಾಗುವುದಿಲ್ಲ, ಹಾಗಾಗಿ ಇನ್ನೂ ಸರಿದಿದ್ದ.

"ಚಿತ್ರಕ್ಕೆ ಅಡ್ಡ ಬರಬಾರದು ಅಂತ" ಅಂದ. "ನಾನೇ ಕಲಿಸಿದ್ದು."

ಅಕ್ಕ ಮಂಚದ ಕೆಳಗಿನ ಗಂಟನ್ನು ಎಳೆದು ಬಿಚ್ಚಿ, ನೆಲದ ಮೇಲೆ ಕುಳಿತು, ಮುದುಡಿದ ಅಂಗಿಗಳನ್ನು ಒಂದೊಂದಾಗಿ ಕೈಯಲ್ಲೇ ಸವರಿ ಮಡಿಸತೊಡಗಿದಳು. ಎಲ್ಲಿ ನಿಲ್ಲಬೇಕೆಂದು ತೋಚದೆ ಅವನು ಅವಳ ಬೆನ್ನ ಹಿಂದೆ ಹೋಗಿ ನಿಂತ.