ಜ್ವರಕ್ಕೆ ಇಸ್ತ್ರಿ

ಡಾಕ್ಟರಮ್ಮನ ಫೀಸು ನಲವತ್ತು ಅಂಗಿ. ಸಿರಪ್ಪಿನ ಬಾಟಲಿ ಹದಿನೈದು ಅಂಗಿ, ಅದೂ ಎರಡು ಸಲ. ಜ್ವರ ನೋಡುವ ಕಡ್ಡಿ ಇಪ್ಪತ್ತು ಅಂಗಿ. ಅದನ್ನು ಮೊಮ್ಮಗಳು ಗುಬ್ಬಿ ಕಿತ್ತುಕೊಂಡು ಬಚ್ಚಲ ಬಕೆಟ್ಟಿಗೆ ಹಾಕಿದ್ದರಿಂದ ಮತ್ತೆ ಇಪ್ಪತ್ತು.

ಇಸ್ತ್ರಿಯಮ್ಮ ಲೋಕದ ಲೆಕ್ಕವನ್ನೆಲ್ಲ ಅಂಗಿಯಲ್ಲೇ ಹಾಕುವವಳು. ಒಂದು ಅಂಗಿ ಇಸ್ತ್ರಿ ಮಾಡಿದರೆ ಎಷ್ಟು ಸಿಗುತ್ತದೋ ಅದೇ ಅವಳ ನಾಣ್ಯ. ಹೀಗೆ ಲೆಕ್ಕ ಹಾಕಿದರೆ ಒಂದು ಅನುಕೂಲ ಇದೆ: ಖರ್ಚು ಮಾಡುವ ಮೊದಲೇ ರಟ್ಟೆ ನೋಯುತ್ತದೆ. ಆದರೆ ಮೊಮ್ಮಗಳ ವಿಷಯಕ್ಕೆ ಅವಳು ರಟ್ಟೆಯ ಮಾತು ಕೇಳುತ್ತಿರಲಿಲ್ಲ. ಒಂದೂವರೆ ವರ್ಷದ ಗುಬ್ಬಿಗೆ ಜ್ವರ ಹತ್ತಿ ವಾರದ ಮೇಲಾಗಿತ್ತು. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಮೈ ಬಿಸಿ, ಸಂಜೆ ಹೊತ್ತಿಗೆ ಕೆಂಡ. ಸಿರಪ್ಪು ಕುಡಿಸಿದರೆ ಇಳಿಯುತ್ತಿತ್ತು, ಮರುದಿನ ಕರೆಯದ ನೆಂಟನ ಹಾಗೆ ಅದೇ ಹೊತ್ತಿಗೆ ಮತ್ತೆ ಹಾಜರು.

ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು. ಅದರ ಹಿಂದೆ ಒಂದು ಕೋಣೆ, ಅಡುಗೆಮನೆ, ಆಮೇಲೆ ಸಿಮೆಂಟಿನ ಸಣ್ಣ ಹಿತ್ತಲು. ಇಷ್ಟರಲ್ಲಿ ಇಸ್ತ್ರಿಯಮ್ಮ, ಮಗಳು, ಅಳಿಯ, ಗುಬ್ಬಿ. ಮಗಳು ಊರ ಬಸ್ಸು ಓಡಿಸುತ್ತಾಳೆ. ಬೆಳಗಿನ ಮೊದಲ ಬಸ್ಸು ಅವಳದ್ದೇ. ರಜೆ ಕೇಳಿದರೆ ಡಿಪೋದವರು, "ಹಾಗಾದ್ರೆ ಬಸ್ಸನ್ನ ನಿಮ್ಮಮ್ಮ ಓಡಿಸ್ತಾರಾ?" ಎನ್ನುತ್ತಿದ್ದರು. ಅಳಿಯ ಅಂಗಡಿಗಳಿಗೆ ಬೋರ್ಡು ಬರೆಯುವವನು. ಯಂತ್ರದಲ್ಲಿ ಅಚ್ಚು ಹೊಡೆಸಿದರೆ ಒಂದು ಗಂಟೆಯಲ್ಲಿ ಸಿಗುವ ಬೋರ್ಡನ್ನು ಅವನು ಕುಂಚ ಹಿಡಿದು ಒಂದು ವಾರ ಬರೆಯುತ್ತಿದ್ದ. ಒಂದು ಅಕ್ಷರದ ಹೊಟ್ಟೆ ತುಂಬಿಸಲು ಅವನಿಗೆ ಅರ್ಧ ದಿನ ಬೇಕು.

ಇಸ್ತ್ರಿಯಮ್ಮ ಅವನಿಗೆ ಇಟ್ಟ ಹೆಸರು ಆಮೆ. ಹಿಂದಿನಿಂದ ಆಮೆ ಎನ್ನುತ್ತಿದ್ದಳು, ಎದುರಿಗೆ "ಅಳಿಯಂದಿರೇ" ಎನ್ನುತ್ತಿದ್ದಳು. ಎರಡರ ಅರ್ಥವೂ ಒಂದೇ ಎಂದು ಅವನಿಗೆ ಗೊತ್ತಿತ್ತು.

"ಅಳಿಯಂದಿರೇ, ಆ ಚಪ್ಪಲಿ ಅಂಗಡಿ ಬೋರ್ಡು ಮುಗಿಯೋ ಹೊತ್ತಿಗೆ ಜನ ಬರಿಗಾಲಲ್ಲಿ ಓಡಾಡೋದು ಕಲಿತಿರ್ತಾರೆ."

"ಆಗ್ಲಿ ಅತ್ತೆ, ಆರೋಗ್ಯಕ್ಕೆ ಒಳ್ಳೇದು," ಎನ್ನುತ್ತಿದ್ದ ಅವನು, ಕುಂಚ ಎತ್ತದೆ.

ಮಗಳ ಹತ್ತಿರ ದೂರು ಹೇಳಿದರೆ ಅವಳು ನಗುತ್ತಿದ್ದಳು. "ಅಮ್ಮಾ, ದಿನವಿಡೀ ಹಾರ್ನ್ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿರುತ್ತೆ. ಮನೇಲೂ ಹಾರ್ನ್ ಹೊಡೆಯೋ ಗಂಡ ನನಗೆ ಬೇಡ. ಅದಕ್ಕೆ ನೀನಿದ್ದೀಯಲ್ಲ."

ಗುಬ್ಬಿಯನ್ನು ಆಸ್ಪತ್ರೆಗೆ ಒಯ್ಯುವ ಕೆಲಸವನ್ನು ಇಸ್ತ್ರಿಯಮ್ಮ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವಳ ಕಸುಬಿನಲ್ಲಿ ಒಂದು ನೇಮ ಇತ್ತು: ಸುಕ್ಕಾಗಿರುವ ಯಾವುದೂ ಅವಳ ಮನೆಯಿಂದ ಹೊರಗೆ ಹೋಗಬಾರದು. ಅಂಗಿಗೆ ಹೇಗೋ ಮಗುವಿಗೂ ಹಾಗೆಯೇ. ಹೊರಡುವ ಮುಂಚೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸುವಳು. ಒಂದು ಮುಚ್ಚಳ ಸಿರಪ್ಪು ಕುಡಿಸುವಳು. ತಲೆ ಬಾಚಿ, ಪೌಡರ್ ಹಚ್ಚಿ, ಅಂಚು ಕತ್ತಿಯ ಹಾಗೆ ನಿಲ್ಲುವ ಬಿಳಿ ಫ್ರಾಕು ತೊಡಿಸುವಳು. ಬೀದಿಯಲ್ಲಿ ಗಿರಾಕಿಗಳು ಸಿಗುತ್ತಾರೆ, ಕೆದರಿದ ಮಗುವನ್ನು ಎತ್ತಿಕೊಂಡು ಹೋದರೆ ನಾಳೆ ಯಾರು ಬಟ್ಟೆ ಕೊಡುತ್ತಾರೆ? ಮಗು ನಡುಗುತ್ತಿರುವಾಗ ಸುಮ್ಮನೆ ಎತ್ತಿಕೊಂಡು ಹೋಗಲು ಮನಸ್ಸೂ ಬರುತ್ತಿರಲಿಲ್ಲ.

ಹೀಗಾಗಿ ಸರದಿ ಬರುವ ಹೊತ್ತಿಗೆ ಗುಬ್ಬಿಗೆ ಬೆವರು ಬಿಟ್ಟು ಜ್ವರ ಇಳಿದಿರುತ್ತಿತ್ತು. ಡಾಕ್ಟರಮ್ಮ ಗಂಟಲು ನೋಡಿದರು, ಎದೆ ಕೇಳಿದರು, ಕಿವಿಯೊಳಗೆ ಬೆಳಕು ಬಿಟ್ಟರು. ಗುಬ್ಬಿ ಅವರ ಕೊರಳಿನ ಕೊಳವೆ ಹಿಡಿದು ಎಳೆದು ನಕ್ಕಳು.

"ಔಷಧಿ ಕೊಡ್ತಿದ್ದೀರಾ?"

"ಹೊತ್ತಿಗೆ ಸರಿಯಾಗಿ," ಎಂದಳು ಇಸ್ತ್ರಿಯಮ್ಮ, ಹೆಮ್ಮೆಯಿಂದ.

ಎರಡನೆಯ ಸಲ ಹೋದಾಗಲೂ ಇದೇ ಕಥೆ. ಡಾಕ್ಟರಮ್ಮ ಮಗುವನ್ನು ತೂಕ ಮಾಡಿ, ಇಳಿದಿದೆ ಎಂದು ಹುಬ್ಬು ಗಂಟಿಕ್ಕಿದರು. "ನನಗೆ ಯಾಕೋ ಸಮಾಧಾನ ಇಲ್ಲ ಅಮ್ಮ. ಮುಂದಿನ ಸಲ ಜ್ವರ ಇರೋವಾಗಲೇ ಕರ್ಕೊಂಡು ಬನ್ನಿ," ಎಂದರು.

ದಾರಿಯುದ್ದಕ್ಕೂ ಇಸ್ತ್ರಿಯಮ್ಮನಿಗೆ ಮೈಯೆಲ್ಲ ಉರಿ. ಮನೆಗೆ ಬಂದವಳೇ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಜ್ವರ ಇರೋವಾಗ ಬನ್ನಿ ಅಂತೆ! ನಾನೇನು ಹೊತ್ತು ಹೋಗದೆ ಅಲ್ಲಿಗೆ ಹೋಗ್ತೀನಾ? ಸುಳ್ಳು ಹೇಳ್ತೀನಿ ಅಂತ ಅಂದ ಹಾಗಾಯ್ತು."

ಅಳಿಯ ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು ಬೋರ್ಡಿಗೆ ಬಣ್ಣ ತುಂಬುತ್ತಿದ್ದ. ಕೇಳಿಸಿಕೊಂಡ.

ಮರುದಿನ ಮಧ್ಯಾಹ್ನ ಗುಬ್ಬಿ ಬಾಳೆಹಣ್ಣು ಮುಟ್ಟಲಿಲ್ಲ, ಹಾಲು ಕುಡಿದು ಕಕ್ಕಿದಳು. ಕಣ್ಣು ಅರ್ಧ ಮುಚ್ಚಿಕೊಂಡು ಅಜ್ಜಿಯ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಳು. ಇಸ್ತ್ರಿಯಮ್ಮ ಆಸ್ಪತ್ರೆಗೆ ಹೊರಡಲು ಎದ್ದಳು. ಮೂರನೆಯ ಸಲ ಸಿರಪ್ಪಿನ ಮುಚ್ಚಳ ತುಂಬಿಸಿದಳು. ಆಗ ಅಳಿಯ ಒಳಗೆ ಬಂದು ಬಾಟಲಿಯ ಮೇಲೆ ಕೈ ಇಟ್ಟ.

"ಅತ್ತೆ, ಸ್ವಲ್ಪ ತಡೀರಿ."

"ಏನು ತಡೆಯೋದು? ಮಗು ಕೆಂಡ ಆಗಿದೆ!"

"ಅದಕ್ಕೇ. ಕೆಂಡಾನೇ ತಗೊಂಡು ಹೋಗೋಣ. ಡಾಕ್ಟ್ರು ಜ್ವರ ಇರೋವಾಗ ಬನ್ನಿ ಅಂದಿದ್ರಲ್ಲ."

"ಜ್ವರ ಇರೋವಾಗ್ಲೇ ಅಲ್ವಾ ನಾನು ಹೋಗ್ತಿರೋದು?"

"ಜ್ವರ ಇರೋವಾಗ ಹೊರಡ್ತೀರಿ ಅತ್ತೆ. ಅಲ್ಲಿ ಮುಟ್ಟೋ ಹೊತ್ತಿಗೆ ಅದಕ್ಕೂ ಇಸ್ತ್ರಿ ಮಾಡಿರ್ತೀರಿ."

ಇಸ್ತ್ರಿಯಮ್ಮ ಕೈಯಲ್ಲಿದ್ದ ಮುಚ್ಚಳ ನೋಡಿದಳು. ಎರಡು ಸಲ, ತನ್ನ ಕೈಯಾರೆ, ಕಾಯಿಲೆಯನ್ನು ಮಡಿಸಿ ಒಳಗಿಟ್ಟು ಬರೀ ಫ್ರಾಕನ್ನು ಡಾಕ್ಟರಿಗೆ ತೋರಿಸಿ ಬಂದಿದ್ದಳು.

ಅಳಿಯ ಮಗುವನ್ನು ಇದ್ದ ಹಾಗೆಯೇ ಎತ್ತಿಕೊಂಡ. ಕಕ್ಕಿದ ಕಲೆಯ ಜುಬ್ಬ, ಅಂಟಿಕೊಂಡ ಕೂದಲು. ಅವನ ಅಂಗಿಯ ತುಂಬ ನೀಲಿ ಬಣ್ಣ. ಇಸ್ತ್ರಿಯಮ್ಮ ಹಿಂದೆ ಹಿಂದೆ ನಡೆದಳು. ಬಿಳಿ ಫ್ರಾಕು ಮಡಿಸಿ ಚೀಲದಲ್ಲಿ ಇಟ್ಟುಕೊಂಡೇ ಹೊರಟಿದ್ದಳು, ಯಾವುದಕ್ಕೂ ಇರಲಿ ಎಂದು. ಬೀದಿ ಕೊನೆಯಲ್ಲಿ ಗಿರಾಕಿ ಮೇಷ್ಟ್ರು ಎದುರಾದರು. "ಏನಮ್ಮ, ಮಗು ಹೀಗಾಗಿದೆ?" ಎಂದರು. ಅವಳು ತಲೆ ಎತ್ತದೆ, "ಹೀಗೇ ಇದೆ ಸಾರ್," ಎಂದಳು. ಜೀವಮಾನದಲ್ಲಿ ಅವಳಿಂದ ಸುಕ್ಕಿನ ಸಮೇತ ಹೊರಗೆ ಬಿದ್ದ ಮೊದಲ ಮಾತು ಅದು.

ಡಾಕ್ಟರಮ್ಮ ಮಗುವಿನ ಹಣೆ ಮುಟ್ಟಿದವರೇ ಎದ್ದು ನಿಂತರು. ಹೊಟ್ಟೆ ಒತ್ತಿ ನೋಡಿದರು, ಗುಬ್ಬಿ ನರಳಿದಳು. "ನಾನು ನೋಡಬೇಕಾಗಿದ್ದದ್ದು ಇದನ್ನ. ಹಿಂದಿನ ಎರಡು ಸಲ ಹೊರಡೋ ಮುಂಚೆ ಸಿರಪ್ ಕೊಟ್ಟಿದ್ರಾ?"

ಇಸ್ತ್ರಿಯಮ್ಮ ನೆಲ ನೋಡಿದಳು. ಈಗ ಬಂತು ಎಂದುಕೊಂಡಳು. ಮೂರು ವರ್ಷ ಅಳಿಯನನ್ನು ಹಂಗಿಸಿದ್ದೆಲ್ಲ ಬಡ್ಡಿ ಸಮೇತ ವಾಪಸು ಬರುವ ಗಳಿಗೆ ಇದೇ.

"ನಾವು ಕೊಟ್ಟಿದ್ವಿ ಡಾಕ್ಟ್ರೇ," ಎಂದ ಅಳಿಯ. "ಮನೇಲಿ ಯಾರಿಗೂ ಹೊಳೀಲಿಲ್ಲ."

ಡಾಕ್ಟರಮ್ಮ ತಲೆಯಾಡಿಸಿದರು. "ನಾನೂ ಬಿಡಿಸಿ ಕೇಳಬೇಕಿತ್ತು," ಎಂದರು. ಮೂತ್ರ ಪರೀಕ್ಷೆ ಆಗಬೇಕೆಂದು ಮುಚ್ಚಳ ಇರುವ ಸಣ್ಣ ಡಬ್ಬಿ ಕೊಟ್ಟರು. ಕೈ ತೊಳೆದು, ಮಗುವನ್ನೂ ತೊಳೆದು, ಮೂತ್ರ ಬೀಳುತ್ತಿರುವಾಗಲೇ ನಡುವೆ ಹಿಡಿಯಬೇಕು. ನೆಲಕ್ಕೆ ಬಿದ್ದದ್ದು ಬೇಡ, ಬಟ್ಟೆ ಹಿಂಡಿದ್ದಂತೂ ಬೇಡವೇ ಬೇಡ. ಅತ್ತೆ ಅಳಿಯ ಇಬ್ಬರೂ ಅಲ್ಲೇ ಕೂತು ಕಾದರು. ಏನೂ ಕುಡಿಯದ ಗುಬ್ಬಿಗೆ ಏನೂ ಬರಲಿಲ್ಲ. "ಈಗ ಸಿರಪ್ ಕೊಡಿ, ನೀರು ಕುಡಿಸ್ತಾ ಇರಿ, ಬೆಳಿಗ್ಗೆ ಹಿಡಿದು ತನ್ನಿ. ತಡ ಮಾಡಬೇಡಿ," ಎಂದರು ಡಾಕ್ಟರಮ್ಮ.

ಬೆಳಿಗ್ಗೆ ಬಸ್ಸಿಗೆ ಹೊರಟ ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಡಬ್ಬಿ ಹಿಡಿಯೋದನ್ನ ನಮ್ಮನೆಯವರಿಗೇ ಬಿಡು. ನೀನು ಅವಸರ ಮಾಡ್ತೀಯ," ಎಂದಳು.

"ನಾಲ್ಕು ಮಕ್ಕಳ ಉಚ್ಚೆ ಬಳಿದಿದ್ದೀನಿ ಕಣೇ ನಾನು!"

"ಬಳಿಯೋದು ಬೇರೆ, ಹಿಡಿಯೋದು ಬೇರೆ," ಎಂದು ಮಗಳು ಹೋದಳು.

ಹೇಳಿದ ಹಾಗೇ ಆಯಿತು. ಗುಬ್ಬಿ ಬರೀ ಮೈಯಲ್ಲಿ ಮುಂದಿನ ಕೋಣೆಗೆ ಬಂದು, ಇಸ್ತ್ರಿ ಮುಗಿಸಿಟ್ಟ ಬಟ್ಟೆಯ ಪಕ್ಕ ನಿಂತು, ದೂರ ನೋಡುತ್ತ ಗಂಭೀರಳಾದಳು. ಆ ಮುಖದ ಅರ್ಥ ಇಸ್ತ್ರಿಯಮ್ಮನಿಗೆ ಚೆನ್ನಾಗಿ ಗೊತ್ತು. "ಬಂತು ಬಂತು!" ಎಂದು ಡಬ್ಬಿ ಹಿಡಿದು ನುಗ್ಗಿದಳು. ಮಗು ಬೆಚ್ಚಿ ತಿರುಗಿತು. ಗಿರಾಕಿಯೊಬ್ಬರ ದೊಡ್ಡ ಹೊದಿಕೆ ಪೂರ್ತಿ ನೆನೆಯಿತು, ಡಬ್ಬಿ ಮಾತ್ರ ಒಣಗಿದ ಹಾಗೇ ಇತ್ತು.

ಇಸ್ತ್ರಿಯಮ್ಮ ಡಬ್ಬಿಯನ್ನು ಅಳಿಯನ ಕೈಗೆ ಕೊಟ್ಟಳು. "ತಗೊಳ್ಳಿ. ನನ್ನ ಕೈಲಾಗಲ್ಲ," ಎಂದಳು. ಹೀಗೆ ಅವಳು ಯಾರಿಗೂ ಹೇಳಿದವಳಲ್ಲ.

ಅವನು ಬಣ್ಣದ ಕೈಯನ್ನು ಸೋಪು ಹಾಕಿ ಮೊಣಕೈವರೆಗೆ ಉಜ್ಜಿ ತೊಳೆದ. ಗುಬ್ಬಿಗೆ ನೀರು ಕುಡಿಸಿ, ತೊಳೆದು, ಹಿತ್ತಲಿಗೆ ಬಿಟ್ಟ. ಆಮೇಲೆ ಡಬ್ಬಿ ಹಿಡಿದು ಅವಳ ಹಿಂದೆ ಕುಕ್ಕುರುಗಾಲಲ್ಲಿ ಕೂತ. ಅವಳು ನಡೆದರೆ ಇವನೂ ಕೂತಲ್ಲೇ ಹೆಜ್ಜೆ ಸರಿಸುತ್ತ ನಡೆದ. ಅವಳು ಇರುವೆ ನೋಡಲು ನಿಂತರೆ ಇವನೂ ನಿಂತ. ನಡುನಡುವೆ ಚಮಚದಲ್ಲಿ ನೀರು. ಅವಳಿಗೆ ಅವನು ಕಾಯುತ್ತಿದ್ದಾನೆಂದು ಗೊತ್ತೇ ಆಗದ ಹಾಗೆ ಕಾದ. ಅಡುಗೆಮನೆ ಬಾಗಿಲಲ್ಲಿ ನಿಂತ ಇಸ್ತ್ರಿಯಮ್ಮನಿಗೆ ನೋಡಿಯೇ ಮೊಣಕಾಲು ಹಿಡಿದುಕೊಂಡಿತು. ಹೊದಿಕೆ ಒಗೆದು ಹರವಿ ಬಂದಳು. ಅವನು ಹಾಗೇ ಇದ್ದ. ಒಂದು ರಾಶಿ ಅಂಗಿ ಇಸ್ತ್ರಿ ಮಾಡಿ ಬಂದಳು, ಹಾಗೇ ಇದ್ದ.

ಆಗ ಚಪ್ಪಲಿ ಅಂಗಡಿಯವನು ದಬದಬ ಒಳಗೆ ಬಂದ. "ಏನ್ರೀ, ಇವತ್ತು ಬೋರ್ಡು ಕೊಡ್ತೀರೋ ಇಲ್ವೋ? ನಾಳೆ ಅಂಗಡಿ ಬಾಗಿಲು ತೆಗೀಬೇಕು ನಾನು."

ಅಳಿಯ ತಿರುಗಲಿಲ್ಲ. ಗುಬ್ಬಿ ದೂರ ನೋಡುತ್ತ ಗಂಭೀರಳಾಗುತ್ತಿದ್ದಳು. "ಸಂಜೆಗೆ ಮುಗಿಸ್ತೀನಿ. ಈಗ ಏಳೋಕಾಗಲ್ಲ," ಎಂದ, ಪಿಸುದನಿಯಲ್ಲಿ.

"ಮಗೂನ ಆಡಿಸ್ತಾ ಕೂತಿದ್ದೀರಿ, ಏಳೋಕಾಗಲ್ವಾ? ಹಾಗಾದ್ರೆ ಬಿಡಿ. ಅಚ್ಚು ಹೊಡೆಯೋರ ಹತ್ರ ಮಾಡಿಸ್ಕೋತೀನಿ." ಅರ್ಧ ಬರೆದ ಹಲಗೆ ತನ್ನದೇ ಎಂದು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

ವಾರದ ದುಡಿಮೆ ಬಾಗಿಲು ದಾಟಿ ಹೋಗುತ್ತಿತ್ತು. ಇಸ್ತ್ರಿಯಮ್ಮ ಅಳಿಯನ ಕೈ ನೋಡಿದಳು. ಡಬ್ಬಿ ಹಿಡಿದ ಆ ಕೈ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅಕ್ಷರದ ಅಂಚು ಎಳೆಯುವಾಗ ಉಸಿರು ಬಿಗಿಹಿಡಿಯುವ ಹಾಗೆ ಹಿಡಿದಿದ್ದ. ಗುಬ್ಬಿ ನಿಂತಳು. ಡಬ್ಬಿ ಸದ್ದಿಲ್ಲದೆ ಮುಂದೆ ಹೋಯಿತು, ತುಂಬಿತು, ಹಿಂದೆ ಬಂತು. ಮುಚ್ಚಳ ಬಿತ್ತು. ಡಬ್ಬಿಯಿಂದ ಒಂದು ಹನಿಯೂ ಚೆಲ್ಲಲಿಲ್ಲ, ಮಗುವಿಗೆ ತಿಳಿಯಲೂ ಇಲ್ಲ.

ಅವನು ಏಳಲು ಹೋದ, ಕಾಲು ಜೋಮು ಹಿಡಿದು ಹಾಗೇ ಕೂತ. "ಅತ್ತೆ, ಸ್ವಲ್ಪ ಕೈ ಕೊಡಿ."

ಅವಳು ಕೈ ಕೊಟ್ಟು ಎಬ್ಬಿಸಿದಳು. "ಬೋರ್ಡು ಹೋಯ್ತಲ್ಲಪ್ಪ."

"ಹೋಗ್ಲಿ ಬಿಡಿ. ಅವನಿಗೆ ಇನ್ನೊಬ್ಬ ಬರೆದುಕೊಡ್ತಾನೆ. ಇದನ್ನ ಇನ್ಯಾರು ಹಿಡೀತಾರೆ?"

ಮೂತ್ರದಲ್ಲಿ ಸೋಂಕಿತ್ತು. ಇನ್ನೂ ತಡವಾಗಿದ್ದರೆ ಮೂತ್ರಪಿಂಡಕ್ಕೆ ತಗಲುತ್ತಿತ್ತು ಎಂದರು ಡಾಕ್ಟರಮ್ಮ. ಔಷಧಿ ಬದಲಾಯಿಸಿ, ಪೂರ್ತಿ ಮುಗಿಸಬೇಕು, ನಡುವೆ ಬಿಡಬಾರದು ಎಂದು ಬೆರಳು ಎತ್ತಿ ಹೇಳಿದರು. ಹೊಸ ಔಷಧಿ ಕಹಿ. ಗುಬ್ಬಿ ಮೊದಲ ಚಮಚವನ್ನು ಅಜ್ಜಿಯ ಮುಖಕ್ಕೆ ಉಗಿದಳು. ಆಮೇಲಿಂದ ಅದೂ ಅಪ್ಪನ ಪಾಲಿಗೆ ಹೋಯಿತು. ಅವನು ಹನಿ ಹನಿಯಾಗಿ, ಕೆನ್ನೆಯ ಒಳಬದಿಗೆ, ಬಣ್ಣ ಹಚ್ಚಿದ ಹಾಗೆ ಕುಡಿಸುತ್ತಿದ್ದ. ಒಂದು ಚಮಚ ಇಳಿಯುವ ಹೊತ್ತಿಗೆ ಇಸ್ತ್ರಿಯಮ್ಮನ ಎರಡು ಅಂಗಿ ಮುಗಿಯುತ್ತಿದ್ದವು. ಅವಳು ಮೂರನೆಯದನ್ನು ಎತ್ತಿಕೊಳ್ಳುತ್ತಿದ್ದಳು. ಎರಡು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಜ್ವರ ಬರಲಿಲ್ಲ. ಗುಬ್ಬಿ ಬಾಳೆಹಣ್ಣು ತಿಂದು, ಸಿಪ್ಪೆಯನ್ನು ಇಸ್ತ್ರಿ ಮಾಡಿದ ಬಟ್ಟೆಯ ಮೇಲಿಟ್ಟಳು.

ಆ ಸಂಜೆ ಮಗಳು ಮನೆಗೆ ಬಂದಾಗ ಇಸ್ತ್ರಿಯಮ್ಮ ನೀಲಿ ಬಣ್ಣದ ಕಲೆಯ ಅಂಗಿಯೊಂದನ್ನು ಮೇಜಿನ ಮೇಲೆ ಹರಡಿಕೊಂಡಿದ್ದಳು. ಆ ಅಂಗಿ ಆ ಮೇಜು ಹತ್ತಿದ್ದು ಅದೇ ಮೊದಲು.

"ಅಮ್ಮಾ, ಆಮೆ ಚಿಪ್ಪಿಗೆಲ್ಲ ಇಸ್ತ್ರಿ ಮಾಡ್ತೀಯಾ?" ಎಂದಳು ಮಗಳು.

"ಸುಮ್ನಿರೆ. ನಿನ್ನ ಗಂಡನ್ನ ಹಾಗೆಲ್ಲ ಅನ್ಬೇಡ," ಎಂದಳು ಇಸ್ತ್ರಿಯಮ್ಮ. ಆಮೇಲೆ ಸಿರಪ್ಪಿನ ಕಥೆಯನ್ನು, ತನ್ನ ತಪ್ಪೆಂದು, ಒಂದನ್ನೂ ಬಿಡದೆ ಹೇಳಿದಳು.

ಲೆಕ್ಕ ಇಷ್ಟು. ಬೋರ್ಡಿನ ಕೂಲಿ, ಮುನ್ನೂರು ಅಂಗಿ, ಹೋಯಿತು. ಹೊದಿಕೆಯ ಗಿರಾಕಿ ಮತ್ತೆ ಬರಲಿಲ್ಲ. ಗುಬ್ಬಿಯ ಮೈ ತಣ್ಣಗಾಯಿತು, ಇಳಿದ ತೂಕ ಮೆಲ್ಲಗೆ ವಾಪಸು ಬಂತು. ಆಮೆ ಎನ್ನುವ ಹೆಸರು ಆ ಮನೆಯಲ್ಲಿ ನಿಂತುಹೋಯಿತು.